ನೀರು ಕಂಡರೆ ನಿಲ್ಲದ ನಾಯಿ

‘ಲ್ಯಾಬ್ ತಂದರೆ ಹೇಗೆ?’ ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಮನೆಯಲ್ಲೊಂದು ಲ್ಯಾಬ್ರಡಾರ್ ಇದೆಯಲ್ಲ, ಇವರಿಗೆ ಉತ್ತರ ಗೊತ್ತಿರುತ್ತದೆ ಎಂಬ ನಂಬಿಕೆ. 2022ರ ಜೂನ್‌ನಲ್ಲಿ ‘777 ಚಾರ್ಲಿ’ ತೆರೆಕಂಡ ಮೇಲಂತೂ ಮಕ್ಕಳೂ ಕೇಳತೊಡಗಿದರು. ಕಿರಣ್‌ರಾಜ್ ನಿರ್ದೇಶಿಸಿದ ಆ ಚಿತ್ರ, ದುಡ್ಡಿನಾಸೆಗೆ ಮರಿ ಹುಟ್ಟಿಸುವವರ ಕ್ರೌರ್ಯವನ್ನೂ ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸುವುದರಿಂದ ನಾಯಿಗೆ ತಗಲುವ ಕಾಯಿಲೆಯನ್ನೂ ಮುಚ್ಚಿಡದೆ ಹೇಳಿತ್ತು. ನೋಡಿ ಬಂದ ಎಷ್ಟೋ ಜನರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಚಾರ್ಲಿ ಎಂಬ ಆ ಲ್ಯಾಬ್‌ನ ಮುಖ. ಅವರನ್ನು ತಪ್ಪೆನ್ನಲಾರೆ. ಆ ಮುಖಕ್ಕೆ ಸೋಲದವರು ಕಡಿಮೆ.

ತನ್ನಿ ಎಂದೂ ಬೇಡ ಎಂದೂ ಒಂದೇ ಮಾತಿನಲ್ಲಿ ಹೇಳಲು ನನಗೆ ಆಗುವುದಿಲ್ಲ. ಒಳ್ಳೆಯದನ್ನೆಲ್ಲ ಒಂದು ಕಡೆ, ಕಷ್ಟವನ್ನೆಲ್ಲ ಇನ್ನೊಂದು ಕಡೆ ಬರೆದಿಟ್ಟು ತೂಗೋಣವೆಂದರೆ ಈ ನಾಯಿ ಅದಕ್ಕೂ ಬಗ್ಗುವುದಿಲ್ಲ. ನೀರಿನ ಹುಚ್ಚು, ತೀರದ ಹಸಿವು, ಮನುಷ್ಯರ ಮೇಲಿನ ಅತಿಯಾದ ಪ್ರೀತಿ: ಅದರ ಜೊತೆಗಿನ ಸುಖವೆಲ್ಲ ಹುಟ್ಟುವುದು ಇವುಗಳಿಂದ, ರಗಳೆಯೆಲ್ಲ ಹುಟ್ಟುವುದೂ ಇವುಗಳಿಂದಲೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತೇನೆ ಎಂದರೆ ನಡೆಯುವುದಿಲ್ಲ.

ಹೆಸರು ಲ್ಯಾಬ್ರಡಾರ್ ಆದರೂ ತಳಿಯ ಮೂಲ ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪ. ಸೇಂಟ್ ಜಾನ್ಸ್ ನಾಯಿ ಎಂದು ಹೆಸರಾಗಿದ್ದ ಅಲ್ಲಿಯ ಕಪ್ಪು ನಾಯಿಗಳು ಮೀನುಗಾರರ ಜೊತೆ ಕೊರೆಯುವ ಕಡಲಿಗಿಳಿದು, ಗಾಳದಿಂದ ತಪ್ಪಿಸಿಕೊಂಡ ಮೀನನ್ನೂ ಬಲೆಯ ಹಗ್ಗವನ್ನೂ ಕಚ್ಚಿಕೊಂಡು ಬರುತ್ತಿದ್ದವು. 19ನೇ ಶತಮಾನದ ಮೊದಲ ಭಾಗದಲ್ಲಿ ಅವು ಮೀನಿನ ಹಡಗುಗಳಲ್ಲಿ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದವು. ಅಲ್ಲಿಂದಾಚೆ ಸಿರಿವಂತ ಮನೆತನಗಳು ಬೇಟೆಗೆಂದು ಸಾಕಿ ತಳಿಯನ್ನು ಉಳಿಸಿಕೊಂಡವು; ಗುಂಡೇಟಿಗೆ ಬಿದ್ದ ಬಾತುಕೋಳಿಯನ್ನು ನೀರಿನಿಂದ ಗಾಯವಾಗದಂತೆ ಎತ್ತಿ ತರುವುದು ಅವುಗಳ ಕೆಲಸವಾಯಿತು. 1903ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಮಾನ್ಯತೆ ಕೊಟ್ಟಿತು. ಕಾಲ್ಬೆರಳುಗಳ ನಡುವಿನ ಚರ್ಮ, ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣಗಾಗುವ ಬಾಲ, ಮೇಲೊಂದು ಒಳಗೊಂದು ಎಂದು ಎರಡು ಪದರದ ಎಣ್ಣೆಜಿಡ್ಡಿನ ಕೂದಲು, ಹಲ್ಲೂರದೆ ಹಿಡಿಯುವ ಬಾಯಿ, ಎಲ್ಲವೂ ಆ ಕೆಲಸಕ್ಕೆ ಒದಗಿದವು. ಈಗ ಅದೇ ನಾಯಿ ಮಲೆನಾಡಿನ ಹೆಂಚಿನ ಮನೆಯ ಜಗಲಿಯಲ್ಲೋ ವೈಟ್‌ಫೀಲ್ಡಿನ ಏಳನೇ ಮಹಡಿಯಲ್ಲೋ ಮಲಗಿದೆ.

ನಮ್ಮ ಸೋಮ ಇರುವುದು ತೀರ್ಥಹಳ್ಳಿ ಸೀಮೆಯಲ್ಲಿ. ತುಂಗೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಅಡಿಕೆ ತೋಟದ ತಿರುವಿನಲ್ಲಿ ನದಿ ಇನ್ನೂ ಕಾಣದಿರುವಾಗಲೇ ಅವನ ಮೂಗು ಮೇಲೇರುತ್ತದೆ, ನಡಿಗೆ ಓಟವಾಗುತ್ತದೆ. ದಂಡೆಯಲ್ಲಿ ನಿಂತು ಯೋಚಿಸುವ ಮಾತೇ ಇಲ್ಲ. ನೀರಿಗೆ ಬಿದ್ದ ಮೇಲೆ ಮಾತ್ರ ಆ ಗಡಿಬಿಡಿಯೆಲ್ಲ ಇಳಿದುಹೋಗುತ್ತದೆ. ಮೂಗು, ಕಣ್ಣು, ತಲೆಯ ಮೇಲ್ಭಾಗ ಅಷ್ಟೇ ನೀರಿನ ಮೇಲೆ. ಹಿಂದೆ ಬಾಲ ಚುಕ್ಕಾಣಿಯಂತೆ ಹಗುರವಾಗಿ ಆ ಕಡೆ ಈ ಕಡೆ ತಿರುಗುತ್ತಿರುತ್ತದೆ. ಒಣಗಿದ ತೆಂಗಿನ ಸಿಪ್ಪೆ ಎಸೆದರೆ ಅದರತ್ತ ಅವಸರವಿಲ್ಲದೆ ಹೋಗಿ, ಮೃದುವಾಗಿ ಕಚ್ಚಿ ತಂದು, ಕಾಲ ಬುಡದಲ್ಲಿಟ್ಟು ಮುಖ ನೋಡುತ್ತಾನೆ. ಮನೆಯಲ್ಲಿ ಗದ್ದಲದ ಪ್ರಾಣಿ ಎನಿಸಿಕೊಂಡವನು ಇಲ್ಲಿ ಕಸುಬು ಬಲ್ಲವನ ಹಾಗೆ ಕಾಣುತ್ತಾನೆ. ಒಂದು ಜೀವಿ ತಾನು ಯಾವುದಕ್ಕಾಗಿ ಹುಟ್ಟಿದೆಯೋ ಅದನ್ನು ಮಾಡುವಾಗ ಪಕ್ಕದಲ್ಲಿ ನಿಲ್ಲುವ ಸಂತೋಷ ದೊಡ್ಡದು. ಸಂಜೆ ಹೊತ್ತು ಟಿವಿಗೆ ಅಂಟಿಕೊಂಡಿರುತ್ತಿದ್ದ ನಮ್ಮ ಮಗಳು ಈಜು ಕಲಿತದ್ದು ಈ ನಾಯಿಯ ದೆಸೆಯಿಂದ.

ಇನ್ನು ಮನೆಗೆ ಬಂದ ಮೇಲಿನದು. ಮೂವತ್ತು ಕೆಜಿ ದಾಟಿದ ಒದ್ದೆ ನಾಯಿ ಮೈ ಕೊಡವಿದರೆ ಜಗಲಿಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕೆಸರಿನ ಚುಕ್ಕೆ. ಒಳಪದರದ ಕೂದಲು ಬೇಗ ಒಣಗುವುದಿಲ್ಲ. ಮಳೆಗಾಲದಲ್ಲಿ ಬಿಸಿಲೂ ಇರುವುದಿಲ್ಲ. ಮುಗ್ಗಲು ವಾಸನೆ ಮನೆಯೊಳಗೆ ನಿಂತುಬಿಡುತ್ತದೆ. ಹಳೆಯ ಪಂಚೆಯಲ್ಲಿ ಒರೆಸಿ, ಒಲೆಯ ಹತ್ತಿರ ಕೂರಿಸಿಕೊಂಡು, ಕೊನೆಗೆ ಕಿವಿ ಎತ್ತಿ ನೋಡಬೇಕು. ಲ್ಯಾಬ್ರಡಾರಿನ ಕಿವಿ ಜೋತುಬಿದ್ದು ಒಳಗಿನ ದಾರಿಯನ್ನು ಮುಚ್ಚಿರುತ್ತದೆ. ನೀರು ಉಳಿದರೆ ಒಳಗೆ ಬೆಚ್ಚಗಿನ ತೇವ. ಬೂಸ್ಟಿನ ಜಾತಿಯ ಸೋಂಕಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಪಶುವೈದ್ಯರು ಕೊಟ್ಟ ದ್ರಾವಣ ಹಾಕಿ, ಕಿವಿಯ ಬುಡವನ್ನು ಮೆಲ್ಲಗೆ ಒತ್ತಿ, ಹತ್ತಿಯಲ್ಲಿ ಒರೆಸಿದಾಗ ಹತ್ತಿ ಬೆಳ್ಳಗೆ ಬಂದರೆ ಸಮಾಧಾನ. ಕಂದು ಬಣ್ಣದ ಜಿಡ್ಡು ಬಂದು ಹುಳಿವಾಸನೆ ಹೊಡೆದರೆ ಮಾರನೆಯ ದಿನ ಆಸ್ಪತ್ರೆ. ಇದು ಈಜಿಸಿದ ಪ್ರತಿ ಸಲದ ಕೆಲಸ. ಒಂದು ದಿನ ಬೇಸರ ಮಾಡಿದರೆ ನಾಯಿ ವಾರಗಟ್ಟಲೆ ತಲೆ ಕೊಡವುತ್ತ, ಕಿವಿ ಕೆರೆದುಕೊಳ್ಳುತ್ತ ಕೂರುತ್ತದೆ.

ತಣ್ಣೀರಿನಲ್ಲಿ ಮಿತಿಮೀರಿ ಈಜಿದ ಮರುದಿನ ಕೆಲವು ನಾಯಿಗಳ ಬಾಲ ಸತ್ತಂತೆ ಜೋತುಬೀಳುತ್ತದೆ. ಮುರಿಯಿತೇ ಎಂದು ಗಾಬರಿಯಾಗುತ್ತದೆ. ಬಾಲದ ಸ್ನಾಯುಗಳು ಸೋತಿರುತ್ತವೆ ಅಷ್ಟೇ, ವಿಶ್ರಾಂತಿ ಕೊಟ್ಟರೆ ಕೆಲ ದಿನಗಳಲ್ಲಿ ಸರಿಹೋಗುತ್ತದೆ. ಹೆದರಬೇಕಾದದ್ದು ಇಲಿಜ್ವರಕ್ಕೆ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಲ್ಯಾಬ್ರಡಾರಿಗೆ ನದಿ, ಗದ್ದೆಯ ಕೆಸರು, ಚರಂಡಿ ಎಂಬ ಭೇದವಿಲ್ಲದ್ದರಿಂದ ವರ್ಷ ವರ್ಷ ಲಸಿಕೆ ತಪ್ಪಿಸುವಂತಿಲ್ಲ. ಬೆಂಗಳೂರಿನವರ ಪಾಡು ಇನ್ನೂ ಕಷ್ಟ. ನೊರೆಯುಕ್ಕಿ ಬೆಂಕಿಯೂ ಹತ್ತಿದ ಬೆಳ್ಳಂದೂರು ಕೆರೆಯಂಥ ನೀರಿಗೆ ಯಾರೂ ನಾಯಿ ಬಿಡಲಾರರು. ಮೇಲ್ನೋಟಕ್ಕೆ ಚೆನ್ನಾಗಿ ಕಾಣುವ ಕೆರೆಯಲ್ಲೂ ಬೇಸಿಗೆಯಲ್ಲಿ ಹಸಿರುಪದರ ಕಟ್ಟಿದ್ದರೆ ಎಚ್ಚರ ಬೇಕು. ಆ ಪಾಚಿಯಲ್ಲಿ ಕೆಲವು ಜಾತಿಯವು ನಾಯಿಯ ಜೀವ ತೆಗೆಯುವಷ್ಟು ವಿಷ.

ಹಳ್ಳಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಕೃಷಿ ಹೊಂಡಕ್ಕೆ. ನೀರು ಇಂಗದಿರಲೆಂದು ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಕ್ಕೆ ಇಳಿಯುವುದು ಸುಲಭ, ಹತ್ತಿ ಬರುವುದು ಆಗದ ಮಾತು. ಉಗುರಿಗೆ ಹಿಡಿತ ಸಿಗುವುದಿಲ್ಲ, ಹಾಳೆಯ ಮೇಲೆ ಪಾಚಿ ಬೇರೆ. ಈಜು ಬಲ್ಲ ನಾಯಿ ದಡದ ಗುಂಟ ಸುತ್ತಿ ಸುತ್ತಿ ಸೋತು ಮುಳುಗುತ್ತದೆ. ನಾಯಿಯಷ್ಟೇ ಅಲ್ಲ, ದನಕರು, ಮಕ್ಕಳೂ ಹೀಗೆ ಹೋದದ್ದುಂಟು. ನಮ್ಮ ಪಕ್ಕದ ತೋಟದವರು ಹೊಂಡದ ಎರಡು ಮೂಲೆಗೆ ದಪ್ಪ ಹಗ್ಗ ಬಿಟ್ಟು, ಹಳೆಯ ಟಯರುಗಳನ್ನು ಮೆಟ್ಟಿಲಿನ ಹಾಗೆ ಕಟ್ಟಿಸಿದ್ದಾರೆ. ನಾಯಿ ಇರಲಿ, ಇಲ್ಲದಿರಲಿ, ಹೊಂಡ ಇರುವವರೆಲ್ಲ ಮಾಡಬೇಕಾದ ಕೆಲಸ ಅದು.

ನೀರಿಗೆ ಒದಗುವ ಅದೇ ಎರಡು ಪದರದ ಕೂದಲು ಬಿಸಿಲಿಗೆ ಆಗಿಬರುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಮಲೆನಾಡಿನಲ್ಲಿ, ಕೊಡಗಿನಲ್ಲಿ ಹೇಗೋ ನಡೆಯುತ್ತದೆ. 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದನ್ನು ಹಗಲು ಹೊರಗೆ ಕಟ್ಟಿಹಾಕುವುದು ಹಿಂಸೆಯೇ. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಸೆಕೆ ಎಂದು ಕೂದಲು ಬೋಳಿಸುವವರೂ ಇದ್ದಾರೆ; ಅದರಿಂದ ಚರ್ಮ ಬಿಸಿಲಿಗೆ ಬಿದ್ದು ತೊಂದರೆ ಹೆಚ್ಚುತ್ತದೆಯೇ ಹೊರತು ತಂಪಾಗುವುದಿಲ್ಲ. ಆ ಸೀಮೆಗೆ ಹೇಳಿ ಮಾಡಿಸಿದ ನಾಯಿ ಬಾಗಲಕೋಟೆ ಜಿಲ್ಲೆಯ ಮುಧೋಳದ್ದು: ತೆಳ್ಳಗಿನ ಮೈ, ಗಿಡ್ಡ ಕೂದಲು, ಒಣ ಬಯಲಿನಲ್ಲಿ ಓಡಲೆಂದೇ ಆದ ಕಾಲು. ಆದರೆ ಮುಧೋಳ ನಾಯಿ ಬಂದವರ ಮಡಿಲಿಗೆಲ್ಲ ಏರುವುದಿಲ್ಲ, ಮಕ್ಕಳ ಜೊತೆ ನೀರಿಗೂ ಬೀಳುವುದಿಲ್ಲ. ಯಾವ ಸುಖ ಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಹಸಿವಿನ ಮಾತಿಗೆ ಬರೋಣ. ಲ್ಯಾಬ್ ಸಾಕಿದ ಯಾರನ್ನು ಕೇಳಿದರೂ ‘ಎಷ್ಟು ಹಾಕಿದರೂ ಸಾಲದು’ ಎನ್ನುತ್ತಾರೆ. ಇದು ಬರೀ ದುರಾಸೆಯಲ್ಲ. ಹೊಟ್ಟೆ ತುಂಬಿತು ಎಂದು ಮೆದುಳಿಗೆ ತಿಳಿಸುವ ವ್ಯವಸ್ಥೆಗೆ ಸಂಬಂಧಿಸಿದ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿನಲ್ಲಿ ಇರುವುದಿಲ್ಲ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲಿನಾರ್ ರಫಾನ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಆ ನಾಯಿಗಳಿಗೆ ಹಸಿವು ಹೆಚ್ಚು, ತೂಕವೂ ಹೆಚ್ಚು. ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಬಹಳ ಹಿಡಿಸಿತು. ಅಂಗವಿಕಲರಿಗೆ ನೆರವಾಗಲು ತರಬೇತಿ ಕೊಡುವ ನಾಯಿಗಳ ಗುಂಪಿನಲ್ಲಿ ಈ ಬದಲಾವಣೆ ಇದ್ದವು ಸುಮಾರು ಮುಕ್ಕಾಲು ಪಾಲು. ತಿನಿಸಿನ ಆಸೆ ಇರುವ ನಾಯಿ ಬೇಗ ಕಲಿಯುತ್ತದೆ, ಆದ್ದರಿಂದ ಆಯ್ಕೆಯಲ್ಲಿ ಅದೇ ಮುಂದೆ ಬಂದಿರಬಹುದು ಎಂಬುದು ಅವರ ಊಹೆ. ‘ಕೂರು’, ‘ನಿಲ್ಲು’, ‘ಬಿಡು’ ಎಂಬುದನ್ನು ಸೋಮ ಚಪಾತಿಯ ಚೂರಿಗಾಗಿ ಒಂದೆರಡು ಸಂಜೆಯಲ್ಲಿ ಕಲಿತುಬಿಟ್ಟಿದ್ದ. ಊರಿನ ಮದುವೆಮನೆಯ ಹಿಂದಿನ ಎಲೆರಾಶಿಯಿಂದ ಅವನನ್ನು ಎಳೆದು ತರಬೇಕಾಗಿ ಬಂದದ್ದೂ ಅದೇ ಆಸೆಯಿಂದ.

ನಮ್ಮ ಮನೆಗಳಲ್ಲಿ ಹಾಕುವ ಕೈಗಳು ಬಹಳ. ಅಜ್ಜಿ ಒಂದು ದೋಸೆ, ಮಕ್ಕಳು ಬಿಸ್ಕತ್ತು, ಊಟಕ್ಕೆ ಬಂದವರು ‘ಪಾಪ, ನೋಡ್ತಾ ಇದೆ’ ಎಂದು ಒಂದು ತುತ್ತು. ಬೇಡ ಎಂದರೆ ಕಲ್ಲೆದೆಯವರು ಎನ್ನುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ ಎಂದು ಎಷ್ಟು ಜನರಿಗೆ ಗೊತ್ತು? ಹಬ್ಬದ ಪಾಯಸದಲ್ಲೂ ಒಣದ್ರಾಕ್ಷಿ ಇರುತ್ತದೆ. ಈ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವವನಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದಿದೆ, 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದ ಗುಂಪು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿತು, ಕೀಲುನೋವೂ ತಡವಾಗಿ ಬಂತು. ಹತ್ತು ಹನ್ನೆರಡು ವರ್ಷ ಬಾಳುವ ಜೀವಕ್ಕೆ ಎರಡು ವರ್ಷ ಎಂದರೆ ಎಷ್ಟು! ಮೊದಲೇ ಈ ತಳಿಗೆ ಸೊಂಟದ ಕೀಲು ಸಡಿಲವಾಗುವ ದೋಷ ಹೆಚ್ಚು. ಅದರ ಮೇಲೆ ಬೊಜ್ಜು, ಅದರ ಮೇಲೆ ಜಾರುವ ಟೈಲ್ಸ್ ನೆಲ ಎಂದರೆ ವಯಸ್ಸಾದ ನಾಯಿ ಎದ್ದು ನಿಲ್ಲಲು ಒದ್ದಾಡುವುದನ್ನು ನೋಡಬೇಕಾಗುತ್ತದೆ. ತುತ್ತು ಹಾಕುವವರಿಗೆ ಆ ದಿನ ಕಾಣುವುದಿಲ್ಲ.

ಪ್ರೀತಿಯ ಭಾರವೂ ಕಡಿಮೆಯದಲ್ಲ. ಬಾಗಿಲಲ್ಲಿ ಯಾರೇ ನಿಂತರೂ ಮೈಯೆಲ್ಲ ಬಾಲವಾಗಿ ನುಗ್ಗುವ ನಾಯಿ ಇದು. ತಗ್ಗಿನ ಮೇಜಿನ ಮೇಲಿಟ್ಟ ಕಾಫಿ ಲೋಟ ಬಾಲದ ಒಂದೇ ಬೀಸಿಗೆ ಹೋಗುತ್ತದೆ, ಅದು ದೊಡ್ಡದಲ್ಲ. ಎಪ್ಪತ್ತು ದಾಟಿದವರ ಮಂಡಿಗೆ ಹಿಂದಿನಿಂದ ಡಿಕ್ಕಿ ಹೊಡೆದರೆ ಸೊಂಟದ ಮೂಳೆ ಹೋಗುವ ಸಂಭವವಿದೆ. ಆಗ ತಾನೇ ನಡೆಯಲು ಕಲಿತ ಕೂಸಿಗೂ ಅಷ್ಟೇ. ಅದಕ್ಕೆ ದುರುದ್ದೇಶವಿಲ್ಲ ಎಂಬುದು ಬಿದ್ದವರಿಗೆ ಸಮಾಧಾನ ಕೊಡದು. ನಮ್ಮ ಅಮ್ಮ ಮೊದಲ ವರ್ಷ ಸೋಮನನ್ನು ಕಂಡರೆ ಗೋಡೆ ಹಿಡಿಯುತ್ತಿದ್ದಳು. ಈಗ ಅವಳು ಅಕ್ಕಿ ಆರಿಸುತ್ತ ಕೂತರೆ ಅವಳ ಕಾಲ ಮೇಲೆ ತಲೆಯಿಟ್ಟು ಮಲಗುತ್ತಾನೆ. ಅಪ್ಪ ತೀರಿಕೊಂಡ ಮೇಲೆ ಹಗಲು ಹೊತ್ತು ಮನೆಯಲ್ಲಿ ಅವಳ ಮಾತು ಕೇಳುವವನು ಅವನೊಬ್ಬನೇ. ‘ನೋಡೋ ಸೋಮ, ಇವತ್ತೂ ಕರೆಂಟಿಲ್ಲ’ ಎಂದರೆ ಕಿವಿ ನಿಮಿರಿಸುತ್ತಾನೆ. ಈ ಮಾತುಕತೆಗೆ ಬೆಲೆ ಕಟ್ಟುವುದು ಹೇಗೆಂದು ನನಗೆ ತಿಳಿಯದು, ಆದರೆ ತಕ್ಕಡಿಯಲ್ಲಿ ಅದಕ್ಕೆ ತೂಕವಿದೆ.

ಕಾವಲಿಗೆಂದು ತರುವವರಿಗೆ ಮಾತ್ರ ಖಂಡಿತ ಬೇಡ ಎನ್ನುತ್ತೇನೆ. ಬೊಗಳುವುದೇನೋ ಬೊಗಳುತ್ತದೆ, ಆಮೇಲೆ ಬಂದವನ ಕೈ ನೆಕ್ಕುತ್ತದೆ. ತೋಟಕ್ಕೆ ಮಂಗ ಬಂದರೆ ಅಟ್ಟುವುದಕ್ಕೂ ನಾಡನಾಯಿಯೇ ಮೇಲು. ಕಾಡಂಚಿನ ಊರುಗಳಲ್ಲಿ ಚಿರತೆ ನಾಯಿಗೆಂದೇ ಅಂಗಳಕ್ಕೆ ಬರುತ್ತದೆ. ರಾತ್ರಿ ಹೊರಗೆ ಕಟ್ಟಿದ ಲ್ಯಾಬ್ ಅದಕ್ಕೆ ಸುಲಭದ ತುತ್ತು. ಕಾಡಿನ ದಾರಿಯಲ್ಲಿ ಅಡ್ಡಾಡಿ ಬಂದರೆ ಮೈತುಂಬ ಉಣುಗು. ನಾಯಿಗೆ ಉಣುಗಿನಿಂದ ಬರುವ ಜ್ವರ ಸಾಮಾನ್ಯದ್ದಲ್ಲ, ರಕ್ತವನ್ನೇ ಬತ್ತಿಸುತ್ತದೆ. ಅದರಲ್ಲೂ ನಮ್ಮದು ಮಂಗನ ಕಾಯಿಲೆಯ ಜಿಲ್ಲೆ. 1957ರಲ್ಲಿ ಸೊರಬದ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದ ಆ ಕಾಯಿಲೆಯನ್ನು ಹರಡುವುದೂ ಉಣುಗೇ. ಹಾಗಾಗಿ ಬೇಸಿಗೆಯ ತಿಂಗಳುಗಳಲ್ಲಿ ಸೋಮನಿಗೆ ಕಾಡಿನ ದಾರಿ ಬಂದ್.

ನನ್ನ ತಂಗಿ ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಲ್ಯಾಬ್ ಸಾಕಿದ್ದಾಳೆ. ಇಂಥ ದೊಡ್ಡ ನಾಯಿಗೆ ಅಂಗಳ ಬೇಕೇ ಬೇಕು ಎಂದು ನಾನು ತಿಳಿದಿದ್ದೆ. ಅವಳ ಮನೆ ನೋಡಿದ ಮೇಲೆ ಹಾಗೆ ಹೇಳುವುದನ್ನು ಬಿಟ್ಟೆ. ಬೆಳಕು ಹರಿಯುವ ಮುನ್ನ ಅವಳು, ರಾತ್ರಿ ಊಟಕ್ಕೆ ಮೊದಲು ಭಾವ, ಮಳೆಯಿರಲಿ ಚಳಿಯಿರಲಿ ನಡೆಸಿಕೊಂಡು ಬರುತ್ತಾರೆ. ವಾರಕ್ಕೊಮ್ಮೆ ದುಡ್ಡು ಕೊಟ್ಟು ನಾಯಿಗಳ ಈಜುಕೊಳಕ್ಕೆ ಕರೆದೊಯ್ಯುತ್ತಾರೆ. ಅವರಿಬ್ಬರಲ್ಲಿ ಒಬ್ಬರು ಹಗಲು ಮನೆಯಿಂದಲೇ ಕೆಲಸ ಮಾಡುವುದು ದೊಡ್ಡ ಅನುಕೂಲ. ಆ ನಾಯಿ ಸುಖವಾಗಿದೆ. ನಮ್ಮ ಕಡೆ ಎರಡೆಕರೆ ತೋಟದ ನಡುವೆ ಹಗಲಿಡೀ ಸರಪಳಿಯಲ್ಲಿ ಕೂತು, ಬಕೆಟ್ಟಿನ ನೀರಿಗೆ ಕಾಲು ಹಾಕಿ ಚೆಲ್ಲುತ್ತ ಇರುವ ಲ್ಯಾಬ್‌ಗಳನ್ನೂ ಕಂಡಿದ್ದೇನೆ. ಈ ತಳಿಗೆ ಜಾಗಕ್ಕಿಂತ ಜನ ಬೇಕು. ಮನೆಮಂದಿಯೆಲ್ಲ ಬೆಳಿಗ್ಗೆ ಬೀಗ ಹಾಕಿ ಹೋಗಿ ಕತ್ತಲಾದ ಮೇಲೆ ಬರುವ ಕಡೆ ಸೋಫಾ ಹರಿದರೆ, ಬಾಗಿಲು ಕೆರೆದರೆ, ನೆರೆಯವರು ಬೊಗಳಾಟದ ದೂರು ಕೊಟ್ಟರೆ ನಾಯಿಯ ತಪ್ಪು ಅದರಲ್ಲಿ ಎಷ್ಟು ಕಡಿಮೆ!

ಅಪಾರ್ಟ್‌ಮೆಂಟಿನಲ್ಲಿ ನೆರೆಯವರ ಮಾತನ್ನೂ ಕೇಳಬೇಕು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಿಂದ ಹೊರಗಿಡುವಂತೆಯೂ ಇಲ್ಲ. ಹಕ್ಕೇನೋ ಸರಿ. ಆದರೆ ನಾಯಿಗೆ ನಿಜವಾಗಿ ಹೆದರುವ ಹುಡುಗಿಯೊಬ್ಬಳು ಅದೇ ಲಿಫ್ಟಿಗೆ ಕಾಯುತ್ತಿರುತ್ತಾಳೆ. ‘ಏನೂ ಮಾಡಲ್ಲ, ತುಂಬಾ ಒಳ್ಳೇದು’ ಎಂದರೆ ಅವಳ ಭಯ ಹೋಗುವುದಿಲ್ಲ. ತಂಗಿ ಅಂಥ ಹೊತ್ತಿನಲ್ಲಿ ನಾಯಿಯನ್ನು ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾಳೆ. ಅವಳು ಮಾಡುವುದೇ ಸರಿ ಎನ್ನಿಸುತ್ತದೆ ನನಗೆ.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಹಾರ, ಲಸಿಕೆ, ಉಣುಗಿನ ಔಷಧಿ, ಕಿವಿಯ ಔಷಧಿ, ಊರಿಗೆ ಹೋದಾಗ ಬಿಡಲು ಜಾಗ, ಎಲ್ಲ ಸೇರಿ ಪ್ರತಿ ತಿಂಗಳೂ ಕೈ ಕಚ್ಚುತ್ತದೆ. ವಯಸ್ಸಾದ ಮೇಲೆ ಇನ್ನೂ ಹೆಚ್ಚು. ಮದುವೆ, ತಿಥಿ, ಗೃಹಪ್ರವೇಶ ಎಂದರೆ ಮನೆಯಲ್ಲಿ ಒಬ್ಬರು ಉಳಿಯಬೇಕು. ಕೂದಲಂತೂ ವರ್ಷವಿಡೀ ಉದುರುತ್ತದೆ. ಇಸ್ತ್ರಿ ಮಾಡಿದ ಬಿಳಿ ಪಂಚೆಯ ಆಸೆಯನ್ನು ಬಿಟ್ಟುಬಿಡಬೇಕು.

ಇಷ್ಟೆಲ್ಲ ಕೇಳಿಯೂ ಬೇಕು ಎನ್ನುವವರಿಗೆ ನಾನು ಹೇಳುವುದು ತಾಯಿನಾಯಿಯನ್ನು ನೋಡಿ ಎಂದು. ಮರಿಯನ್ನಷ್ಟೇ ಪೆಟ್ಟಿಗೆಯಲ್ಲಿ ತಂದು ತೋರಿಸಿ, ತಾಯಿ ‘ಬೇರೆ ಕಡೆ ಇದೆ’ ಎನ್ನುವವನ ಹತ್ತಿರ ವ್ಯವಹಾರ ಬೇಡ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು ಎಂದು 2017ರ ಕೇಂದ್ರದ ನಿಯಮವಿದೆ. ಬಣ್ಣದ ಮೋಹವೂ ಬೇಡ. ಬ್ರಿಟನ್ನಿನ ಪಶುವೈದ್ಯರ ದಾಖಲೆಗಳನ್ನು ಆಧರಿಸಿ 2018ರಲ್ಲಿ ಬಂದ ಅಧ್ಯಯನದಲ್ಲಿ ಚಾಕೊಲೇಟ್ ಬಣ್ಣದವು ಕಪ್ಪು, ಹಳದಿ ಬಣ್ಣದವುಗಳಿಗಿಂತ ಒಂದು ವರ್ಷಕ್ಕೂ ಹೆಚ್ಚು ಬೇಗ ಸತ್ತಿದ್ದವು. ಕಿವಿಯ ಸೋಂಕೂ ಅವುಗಳಲ್ಲೇ ಹೆಚ್ಚಿತ್ತು. ಬೇಡಿಕೆಯ ಬಣ್ಣಕ್ಕಾಗಿ ಸಣ್ಣ ಗುಂಪಿನೊಳಗೇ ಮರಿ ಮಾಡಿಸುವುದೂ ಇದಕ್ಕೆ ಕಾರಣವಿರಬಹುದು.

ಮರಿಯೇ ಆಗಬೇಕೆಂದೂ ಇಲ್ಲ. ಬೆಂಗಳೂರಿನ ಪ್ರಾಣಿ ಆಶ್ರಯಗಳಲ್ಲಿ ಬೆಳೆದ ಲ್ಯಾಬ್‌ಗಳು ಸಿಗುತ್ತವೆ. ಮರಿಯಾಗಿದ್ದಾಗ ತಂದು, ದೊಡ್ಡದಾಗಿ ಎಳೆಯತೊಡಗಿದ ಮೇಲೆ, ಇಲ್ಲವೇ ವಿದೇಶಕ್ಕೆ ಹೊರಟ ಮೇಲೆ ಯಾರೋ ಬಿಟ್ಟುಹೋದವು. ಕಚ್ಚಿ ಹಾಳುಮಾಡುವ ವಯಸ್ಸು ಅವುಗಳಿಗೆ ಕಳೆದಿರುತ್ತದೆ, ಸ್ವಭಾವ ಕಣ್ಣೆದುರಿಗೇ ಇರುತ್ತದೆ. ಕಾಯಿಲೆಯ ಹಿನ್ನೆಲೆ ಪೂರ್ತಿ ತಿಳಿಯದು, ಉಳಿದ ವರ್ಷಗಳೂ ಕಡಿಮೆ ಎಂಬುದು ಇನ್ನೊಂದು ಬದಿ.

ನಮ್ಮ ಮನೆಯಲ್ಲೂ ಈ ಚರ್ಚೆ ಶುರುವಾಗಿದೆ. ಸೋಮನ ಮೂತಿ ಬೆಳ್ಳಗಾಗುತ್ತಿದೆ, ಈಗ ಅವನನ್ನು ನದಿಯಲ್ಲಿ ಸೆಳೆತವಿಲ್ಲದ ಕಡೆ ಮಾತ್ರ ಬಿಡುತ್ತೇವೆ. ಮುಂದಿನದು ನಾಡನಾಯಿ, ಹೊರಗಿನ ಚಿಟ್ಟೆಯಲ್ಲಿ ಇರಲಿ ಎಂದು ಅಮ್ಮ. ಲ್ಯಾಬೇ ಬೇಕೆಂದು ಮಗಳು. ಅವಳು ಇನ್ನೆರಡು ವರ್ಷಕ್ಕೆ ಓದಲು ಹೊರಗೆ ಹೋಗುವವಳು; ಬೆಳಿಗ್ಗೆ ನದಿಗೆ ಕರೆದೊಯ್ಯುವುದು, ಬಂದು ಕಿವಿ ಒರೆಸುವುದು ಎಲ್ಲ ನನ್ನ ಪಾಲಿಗೆ. ನನ್ನ ಮಂಡಿ ಗಟ್ಟಿಯಿದ್ದರೆ, ಆಗ ಅಮ್ಮನೂ ಒಪ್ಪಿದರೆ, ಐದಾರು ವರ್ಷ ದಾಟಿದ, ಯಾರಿಗೂ ಬೇಡವಾದ ಒಂದು ಲ್ಯಾಬನ್ನು ಬೆಂಗಳೂರಿನಿಂದ ತರೋಣ ಎಂದಿದ್ದೇನೆ. ಇಲ್ಲದಿದ್ದರೆ ನಾಡನಾಯಿಯೇ.